ಉಡ: ಅದರ ಗುರುತು, ನಡವಳಿಕೆ ಮತ್ತು ಹೊಲ ತೋಟಗಳಿಗೆ ಅದರಿಂದಾಗುವ ಪ್ರಯೋಜನ

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯಲ್ಲಿ ಹೊಲ, ತೋಟ, ಕೆರೆ, ಕಲ್ಲುಗುಡ್ಡ ಇವೆಲ್ಲವೂ ಒಂದನ್ನೊಂದು ಹೊಂದಿಕೊಂಡಿರುತ್ತವೆ. ಮಳೆಯನ್ನೇ ನಂಬಿದ ಕೆಂಪು ನೆಲದಲ್ಲಿ ರಾಗಿ, ಸಾವೆ, ಕಡಲೆಕಾಯಿ ಮುಂತಾದ ಪೈರುಗಳೂ, ನೀರಿನ ಆಸರೆ ಇದ್ದ ಕಡೆ ತೆಂಗು ಅಡಕೆಯ ತೋಟಗಳೂ, ಇವುಗಳ ನಡುವೆ ಕತ್ತಾಳೆಯ ಬೇಲಿ, ಹುತ್ತ, ಕಲ್ಲುಗುಡ್ಡೆ, ಹಳೆಯ ಹುಣಿಸೆಯ ಮರಗಳೂ ಇರುವ ಇಂಥ ಸೀಮೆಯು ಉಡವೆಂಬ ಪ್ರಾಣಿಗೆ ಬಹಳ ಒಗ್ಗತಕ್ಕದ್ದು. ಈ ಪ್ರಾಣಿಯನ್ನು ಕಾಣದ ರೈತನಿಲ್ಲ. ಆದರೂ ಅದರ ವಿಷಯದಲ್ಲಿ ಸರಿಯಾದ ತಿಳಿವಳಿಕೆಯುಳ್ಳವರು ಸ್ವಲ್ಪ ಮಂದಿ. ಬದುವಿನ ಮೇಲೆ ಉಡವು ಕಾಣಿಸಿದೊಡನೆ ನಾಯಿಯನ್ನು ಛೂ ಬಿಡುವುದು, ಹೊಗೆ ಹಾಕಿ ಬಿಲದಿಂದ ಹೊರಡಿಸುವುದು, ಮಾಂಸಕ್ಕೆಂದೋ ಕೊಬ್ಬಿಗೆಂದೋ ಕೊಲ್ಲುವುದು, ಏನೂ ಬೇಕಿಲ್ಲದಿದ್ದರೂ ವಿಷಜಂತುವೆಂಬ ಹೆದರಿಕೆಯಿಂದ ಕಲ್ಲು ಹೊಡೆಯುವುದು, ಇವೆಲ್ಲ ಎಷ್ಟೋ ಗ್ರಾಮಗಳಲ್ಲಿ ನಡೆದುಬಂದಿವೆ. ಹೀಗೆ ಕೊಲ್ಲುವ ರೈತನು ತನ್ನ ತೆಂಗಿನ ಸುಳಿಯನ್ನು ಕೊರೆಯುವ ದುಂಬಿಗೂ ತನ್ನ ಬೆಳೆಯ ಬೇರನ್ನು ತಿನ್ನುವ ಹುಳುವಿಗೂ ತಾನೇ ಸಹಾಯ ಮಾಡಿದಂತಾಗುತ್ತದೆ. ಜಮೀನುದಾರರೂ ಗ್ರಾಮದ ಮುಖಂಡರೂ ಈ ಸಂಗತಿಯನ್ನು ಸ್ಪಷ್ಟವಾಗಿ ತಿಳಿದುಕೊಂಡು ಇತರರಿಗೆ ತಿಳಿಯಹೇಳುವುದು ಅವಶ್ಯವಾಗಿದೆ.

ಗುರುತು

ಉಡವು ಹಲ್ಲಿ, ಓತಿಕ್ಯಾತ ಇವುಗಳ ಬಳಗಕ್ಕೆ ಸೇರಿದ ಸರೀಸೃಪ. ಹಳೆಗನ್ನಡದಲ್ಲಿ ಉಡು, ಸಂಸ್ಕೃತದಲ್ಲಿ ಗೋಧಾ, ತೆಲುಗಿನಲ್ಲಿ ಉಡುಮು, ತಮಿಳಿನಲ್ಲಿ ಉಡುಂಬು ಎಂದು ಇದರ ಹೆಸರು. ಮರಾಠಿಯವರು ಘೋರ್ಪಡ ಎನ್ನುತ್ತಾರೆ. ನೆರೆಯ ಸಂಡೂರು ಸಂಸ್ಥಾನವನ್ನಾಳಿದ ಘೋರ್ಪಡೆ ಮನೆತನದ ಹೆಸರು ಈ ಶಬ್ದದಿಂದಲೇ ಬಂದದ್ದು. ಶಾಸ್ತ್ರಜ್ಞರು ಇದನ್ನು ವರಾನಸ್ ಬೆಂಗಾಲೆನ್ಸಿಸ್ ಎಂದು ಕರೆಯುತ್ತಾರೆ. ಫ್ರಾನ್ಸ್ ದೇಶದ ದೋದಿನ್ ಎಂಬ ಪಂಡಿತನು ೧೮೦೨ರಲ್ಲಿ ಮೊದಲು ಇದನ್ನು ವರ್ಣಿಸಿದನು. ಹೆಸರಿನಲ್ಲಿ ಬಂಗಾಳವಿದ್ದರೂ ಪ್ರಾಣಿಯು ಬಂಗಾಳಕ್ಕೆ ಮಾತ್ರ ಸೇರಿದ್ದಲ್ಲ; ಇರಾನಿನ ಆಗ್ನೇಯ ಭಾಗದಿಂದ ಮೊದಲ್ಗೊಂಡು ಹಿಂದೂದೇಶ, ಸಿಂಹಳ, ಬರ್ಮಾ ಪರ್ಯಂತ ಇದು ಹಬ್ಬಿದೆ. ಹಿಂದೂದೇಶದಲ್ಲಿ ಉಡದ ಜಾತಿಗಳು ನಾಲ್ಕು. ಮರಳುಗಾಡಿನದು, ಹಳದಿ ಬಣ್ಣದ್ದು, ನೀರುಡ ಇವು ಉತ್ತರದ ಮತ್ತು ಪೂರ್ವದ ಸೀಮೆಗಳವು. ಕನ್ನಡನಾಡಿನ ಹೊಲಗಳಲ್ಲಿ ಕಾಣತಕ್ಕದ್ದು ಈ ಒಂದು ಜಾತಿಯೇ.

ಪೂರ್ಣವಾಗಿ ಬೆಳೆದ ಉಡವು ಮೂತಿಯಿಂದ ಬಾಲದ ತುದಿಯವರೆಗೆ ೧೭೫ ಸೆಂಟಿಮೀಟರಿನಷ್ಟು, ಎಂದರೆ ಸುಮಾರು ಐದೂಮುಕ್ಕಾಲು ಅಡಿಯ ವರೆಗೆ ಬೆಳೆಯಬಹುದು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬಾಲವೇ. ತೂಕದಲ್ಲಿ ದೊಡ್ಡ ಗಂಡು ಏಳು ಕಿಲೋ ತೂಗಿದ್ದುಂಟು. ಹೆಣ್ಣು ಗಂಡಿಗಿಂತ ಚಿಕ್ಕದು. ಆದರೆ ಇದು ಮೇಲಿನ ಮಿತಿ. ಹೊಲಗಳಲ್ಲಿ ಸಾಮಾನ್ಯವಾಗಿ ಕಾಣತಕ್ಕವು ಇದಕ್ಕಿಂತ ಬಹಳ ಚಿಕ್ಕವು. ತಲೆಯು ಉದ್ದವಾಗಿ ಮೂತಿಯ ಕಡೆಗೆ ಕಿರಿದಾಗುತ್ತ ಹೋಗುತ್ತದೆ. ಕತ್ತು ಓತಿಕ್ಯಾತದಂತೆ ಮೋಟಲ್ಲ, ನೀಳವಾದದ್ದು. ಮೈಯೆಲ್ಲ ಸಣ್ಣ ಸಣ್ಣ ಹುರುಪೆಗಳಿಂದ ಕೂಡಿದ ಗಟ್ಟಿ ಚರ್ಮ. ಕಾಲುಗಳು ಮೋಟಾದರೂ ಬಲವಾದವು. ಒಂದೊಂದರಲ್ಲಿಯೂ ಐದು ಬೆರಳು, ಬೆರಳಿಗೊಂದು ಕೊಕ್ಕೆಯಂತೆ ಬಾಗಿದ ಉಗುರು. ಬಾಲವು ಎರಡು ಪಕ್ಕದಿಂದಲೂ ಒತ್ತಿದಂತೆ ಚಪ್ಪಟೆಯಾಗಿದ್ದು, ಹಲ್ಲಿಯ ಬಾಲದಂತೆ ಕಳಚಿಬಿದ್ದು ಮತ್ತೆ ಬೆಳೆಯುವುದಿಲ್ಲ. ಮೂಗಿನ ಹೊಳ್ಳೆಯು ದುಂಡಾಗಿರದೆ ಓರೆಯಾದ ಸೀಳಿನಂತಿದ್ದು, ಮೂತಿಯ ತುದಿಗಿಂತ ಕಣ್ಣಿಗೆ ಸ್ವಲ್ಪ ಹತ್ತಿರವಾಗಿರುತ್ತದೆ. ಇದು ಈ ಜಾತಿಯ ನಿಶ್ಚಿತವಾದ ಗುರುತು.

ಬಣ್ಣದ ವಿಷಯದಲ್ಲಿ ಎಚ್ಚರಿಕೆ ಬೇಕು. ಬೆಳೆದ ಉಡವು ಬೂದು, ಕಂದು ಅಥವಾ ಪಾಚಿಯ ಬಣ್ಣದ್ದಾಗಿ, ನಮ್ಮ ಕಡೆಯ ಕಲ್ಲು ಮಣ್ಣುಗಳಲ್ಲಿ ಬೆರೆತುಹೋಗುವಂತೆ ಇರುತ್ತದೆ; ಗಂಟಲಿನ ಕೆಳಗೆ ಮಾತ್ರ ಕಪ್ಪು ಚುಕ್ಕೆಗಳು ಉಳಿದಿರುತ್ತವೆ. ಮರಿಯು ಹಾಗಲ್ಲ. ಅದರ ಮೈಮೇಲೆ ಹಳದಿಯ ಚುಕ್ಕೆಗಳೂ, ಕತ್ತು, ಗಂಟಲು, ಬೆನ್ನುಗಳ ಮೇಲೆ ಕಪ್ಪು ಅಡ್ಡಪಟ್ಟೆಗಳೂ ಎದ್ದು ಕಾಣುತ್ತವೆ. ಈ ಭೇದದ ದೆಸೆಯಿಂದ ಮರಿಯನ್ನು ಬೇರೆಯೇ ಒಂದು ಪ್ರಾಣಿಯೆಂದು ತಿಳಿಯುವವರುಂಟು. ಉತ್ತರ ಹಿಂದೂಸ್ಥಾನದಲ್ಲಿ ಇದಕ್ಕೆ ಬಿಸ್‌ಕೋಬ್ರಾ ಎಂಬ ಬೇರೆ ಹೆಸರನ್ನೇ ಇಟ್ಟು, ನಾಗರಹಾವಿಗಿಂತಲೂ ಹೆಚ್ಚು ವಿಷವುಳ್ಳದ್ದೆಂದು ಹೆದರುತ್ತಾರೆ. ನಮ್ಮ ಕಡೆಯಲ್ಲಿಯೂ ಪಟ್ಟೆಯುಳ್ಳ ಮರಿಯನ್ನು ಕಂಡೊಡನೆ ಜಜ್ಜುವುದಕ್ಕೆ ಇಂಥ ಭಯವೇ ಕಾರಣ. ಅದು ಉಡದ ಮರಿಯಲ್ಲದೆ ಬೇರೇನೂ ಅಲ್ಲ.

ಇನ್ನು ನಾಲಗೆ. ಹಾವಿನ ನಾಲಗೆಯಂತೆ ಇದು ಉದ್ದವಾಗಿ, ತುದಿಯಲ್ಲಿ ಎರಡಾಗಿ ಸೀಳಿರುವುದರಿಂದ ಉಡಕ್ಕೂ ವಿಷವಿದೆಯೆಂಬ ಊಹೆ ಜನರಲ್ಲಿ ಬೇರೂರಿದೆ. ನಾಲಗೆಯಿಂದ ಉಡವು ಕುಟುಕುವುದಿಲ್ಲ. ಗಾಳಿಯಲ್ಲಿಯೂ ನೆಲದ ಮೇಲೆಯೂ ಇರುವ ವಾಸನೆಯ ಕಣಗಳನ್ನು ನಾಲಗೆಯ ತುದಿಯಿಂದ ತೆಗೆದುಕೊಂಡು, ಬಾಯಿಯ ಅಂಗುಳಿನಲ್ಲಿರುವ ಒಂದು ವಿಶೇಷವಾದ ಇಂದ್ರಿಯಕ್ಕೆ ತಾಗಿಸುತ್ತದೆ. ಮಣ್ಣಿನೊಳಗೆ ಅಡಗಿದ ಹುಳುವನ್ನೂ, ತರಗಿನ ಕೆಳಗಿನ ಮೊಟ್ಟೆಯನ್ನೂ ಅದು ಕಂಡುಹಿಡಿಯುವುದು ಹೀಗೆ. ನಾಲಗೆಯನ್ನು ಹೊರಚಾಚುತ್ತ ಸೆಳೆದುಕೊಳ್ಳುತ್ತ ಬದುವಿನುದ್ದಕ್ಕೂ ತಲೆಯಾಡಿಸಿಕೊಂಡು ಹೋಗುತ್ತಿರುವ ಉಡವು ಯಾರನ್ನೂ ಬೆದರಿಸುತ್ತಿಲ್ಲ. ತನ್ನ ಆಹಾರವನ್ನು ಹುಡುಕುತ್ತಿದೆ.

ನಡವಳಿಕೆ

ಉಡವು ಹಗಲಿನ ಪ್ರಾಣಿ. ರಾತ್ರಿ ಬಿಲ, ಹುತ್ತ, ಕಲ್ಲಿನ ಸಂದು ಅಥವಾ ಮರದ ಪೊಟರೆಯಲ್ಲಿ ಮಲಗಿದ್ದು, ಬೆಳಗಾದ ಮೇಲೆ ಹೊರಬಂದು ಕಲ್ಲಿನ ಮೇಲೋ ಹುತ್ತದ ಮೇಲೋ ಎಳೆಬಿಸಿಲಿಗೆ ಮೈಯೊಡ್ಡುತ್ತದೆ. ಮೈ ಕಾದ ಹೊರತು ಅದಕ್ಕೆ ಓಡಾಟ ಸಾಗದು. ಆದುದರಿಂದಲೇ ಚಳಿಗಾಲದ ಮುಂಜಾನೆ ಅದು ಮಂದವಾಗಿರುತ್ತದೆ. ಕೊಲ್ಲುವವರ ಕೈಗೆ ಸುಲಭವಾಗಿ ಸಿಕ್ಕುವುದೂ ಆಗಲೇ. ಬಿಸಿಲೇರಿದ ಮೇಲೆ ಅದನ್ನು ಹಿಡಿಯುವುದು ಕಷ್ಟ. ಕಣ್ಣು ಬಹಳ ಚುರುಕಾದದ್ದು. ಮನುಷ್ಯನು ಸುಮಾರು ೨೫೦ ಮೀಟರು ದೂರದಲ್ಲಿ ಅಲುಗಾಡಿದರೂ ಅದಕ್ಕೆ ಗೊತ್ತಾಗುತ್ತದೆ. ಗೊತ್ತಾದೊಡನೆ ಬೇಲಿಯ ಮರೆಗೆ ಸರಿಯುವುದೇ ಅದರ ಸ್ವಭಾವ.

ಮರ ಹತ್ತುವುದರಲ್ಲಿ ಇದು ಗಟ್ಟಿಗ. ಮರಿಗಳು ನೆಲಕ್ಕಿಂತ ಮರದ ಮೇಲೆಯೇ ಹೆಚ್ಚು ಕಾಲವನ್ನು ಕಳೆಯುತ್ತವೆ. ದೊಡ್ಡವೂ ಪೊಟರೆಯ ಬಾವಲಿಗಳಿಗಾಗಿ ನೆಟ್ಟಗಿನ ಕಾಂಡವನ್ನು ಏರುತ್ತವೆ. ನೀರಿಗೆ ಬಿದ್ದರೆ ಚಪ್ಪಟೆ ಬಾಲವನ್ನು ಹುಟ್ಟಿನಂತೆ ಬೀಸಿ ಈಜುತ್ತದೆ. ಕಾಲು ಗಂಟೆಯ ಮೇಲೂ ನೀರಿನೊಳಗೆ ಮುಳುಗಿರಬಲ್ಲದು. ನೆಲವನ್ನು ತೋಡುವುದು ಅದಕ್ಕೆ ನಿತ್ಯದ ಕೆಲಸ.

ಉಡದ ಪಟ್ಟು ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಉಡದ ನಡುವಿಗೆ ಹಗ್ಗ ಕಟ್ಟಿ ಕೋಟೆಯ ಗೋಡೆಗೆ ಬಿಟ್ಟು, ಆ ಹಗ್ಗವನ್ನು ಹಿಡಿದು ಸೈನಿಕರು ಹತ್ತಿದರೆಂಬ ಕಥೆಗಳನ್ನು ದುರ್ಗಗಳಿರುವ ಸೀಮೆಯಲ್ಲಿ ಕೇಳದವರಿಲ್ಲ. ೧೬೭೦ರಲ್ಲಿ ಮರಾಠರ ತಾನಾಜಿಯು ಸಿಂಹಗಡವನ್ನು ಹತ್ತಿದ್ದೂ ಹೀಗೆಯೇ ಎಂದು ಅವರ ಲಾವಣಿಕಾರರು ಹಾಡುತ್ತಾರೆ. ಕೆಲವೇ ಕಿಲೋ ತೂಗುವ ಪ್ರಾಣಿಯು ಬಯಲು ಗೋಡೆಯ ಮೇಲೆ ಆಯುಧ ಹೊತ್ತ ಆಳಿನ ಭಾರವನ್ನು ತಡೆಯುವುದೆಂದು ನಂಬುವುದು ಕಷ್ಟ. ಆದರೆ ಕಥೆಗೆ ಆಧಾರವಾದ ಗುಣವು ಸುಳ್ಳಲ್ಲ. ಅಟ್ಟಿಸಿಕೊಂಡು ಹೋದಾಗ ಉಡವು ಕಲ್ಲಿನ ಸಂದಿಗೆ ನುಗ್ಗಿ, ಉಗುರುಗಳನ್ನು ಊರಿ, ಗಾಳಿಯನ್ನೆಳೆದು ಮೈಯನ್ನು ಉಬ್ಬಿಸಿಕೊಂಡು ಸಂದಿಗೆ ಬಿಗಿಯಾಗಿ ಹೆಟ್ಟಿಕೊಳ್ಳುತ್ತದೆ. ಆಗ ಬಾಲವನ್ನು ಹಿಡಿದು ಎಳೆದರೂ ಅದು ಬರುವುದಿಲ್ಲ. ಪಟ್ಟು ಎಂಬುದರಲ್ಲಿ ಉಗುರಿನ ಬಲ ಎಷ್ಟೋ ಉಸಿರಿನ ಬಲವೂ ಅಷ್ಟೇ.

ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಮೂಲೆಗೆ ಸಿಕ್ಕಿದ ಉಡವು ಗಂಟಲನ್ನು ಉಬ್ಬಿಸಿ ಬುಸುಗುಟ್ಟುತ್ತದೆ, ಬಾಲದಿಂದ ಛಾಟಿಯಂತೆ ಹೊಡೆಯುತ್ತದೆ. ಕೈಯಿಂದ ಹಿಡಿದರೆ ಕಚ್ಚಲೂಬಹುದು. ಕಚ್ಚಿದರೆ ಬೇಗ ಬಿಡುವುದಿಲ್ಲ. ಉಡದ ಜಾತಿಗಳ ಕೆಳದವಡೆಯಲ್ಲಿ ಒಂದು ಬಗೆಯ ರಸವನ್ನು ಸ್ರವಿಸುವ ಗ್ರಂಥಿಗಳಿವೆಯೆಂದು ಈಚಿನ ಶೋಧಕರು ತೋರಿಸಿದ್ದಾರೆ. ಆ ರಸದಿಂದ ಮನುಷ್ಯನಿಗೆ ಏನಾಗುತ್ತದೆಂಬ ವಿಷಯದಲ್ಲಿ ಅವರಲ್ಲಿ ಚರ್ಚೆಯುಂಟು. ಹಾವಿನಂತೆ ಹಲ್ಲಿನಿಂದ ವಿಷವನ್ನು ಒಳಹೊಗಿಸುವ ಸಾಧನವು ಉಡಕ್ಕಿಲ್ಲ. ಆದರೂ ಕೊಳೆತ ಮಾಂಸವನ್ನು ತಿನ್ನುವ ಬಾಯಿಯಾದುದರಿಂದ ಗಾಯವು ಕೀವುಗಟ್ಟುವ ಸಂಭವವಿದೆ. ಕಚ್ಚಿದ ಜಾಗವನ್ನು ಸಾಬೂನು ಹಚ್ಚಿ ನೀರಿನಿಂದ ಚೆನ್ನಾಗಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸತಕ್ಕದ್ದು. ಸೊಪ್ಪು ಕಟ್ಟಿ ಮಂತ್ರ ಹಾಕಿಸಿಕೊಂಡು ಕಾಲವನ್ನು ಕಳೆಯಬಾರದು. ಇದೆಲ್ಲವೂ ಉಡವನ್ನು ಹಿಡಿಯಹೋದವನಿಗೆ ಹೇಳಿದ ಮಾತು. ತಾನಾಗಿ ಬಂದು ಮನುಷ್ಯನ ಮೇಲೆ ಬೀಳುವ ಪ್ರಾಣಿ ಇದಲ್ಲ.

ಗಂಡುಗಳು ಮುಂಗಾರಿಗೆ ಮುಂಚೆ, ಏಪ್ರಿಲ್ ತಿಂಗಳ ಹೊತ್ತಿಗೆ, ಒಂದರೊಡನೊಂದು ಕಾದಾಡಲು ತೊಡಗುತ್ತವೆ. ಹಿಂಗಾಲುಗಳ ಮೇಲೆ ಎದ್ದುನಿಂತು ಜಟ್ಟಿಗಳಂತೆ ತೆಕ್ಕೆಹಾಯ್ದು ಕೆಡಹುವ ಈ ಕಾಳಗವನ್ನು ಎರಡು ಉಡಗಳ ಸಂಗವೆಂದು ನೋಡಿದವರು ತಪ್ಪಾಗಿ ತಿಳಿಯುವುದುಂಟು. ಮೃಗಶಿರಾ ಮಳೆಯಿಂದ ಹಸ್ತಾ ಮಳೆಯವರೆಗಿನ ಕಾಲವು ಸಂತಾನದ ಕಾಲ. ಹೆಣ್ಣು ಸಮನಾದ ನೆಲದಲ್ಲಿಯೋ, ದಿಬ್ಬದ ಪಕ್ಕದಲ್ಲಿಯೋ, ಹುತ್ತದಲ್ಲಿಯೋ ಕುಳಿ ತೋಡಿ ಸುಮಾರು ಇಪ್ಪತ್ತು ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ಒತ್ತಿ ಗಟ್ಟಿಮಾಡುತ್ತದೆ. ಅಷ್ಟಕ್ಕೇ ಬಿಡದೆ ಸುತ್ತಮುತ್ತ ಇನ್ನೆರಡು ಕಡೆ ಸುಮ್ಮನೆ ನೆಲವನ್ನು ಕೆದಕಿ, ನಿಜವಾದ ಜಾಗವಾವುದೆಂದು ನರಿ ಮುಂಗುಸಿಗಳಿಗೆ ತಿಳಿಯದಂತೆ ಮಾಡುತ್ತದೆ. ಪ್ರಾಣಿಗೆ ಇಷ್ಟು ಮುಂದಾಲೋಚನೆ ಇರುವುದು ಆಶ್ಚರ್ಯವೇ ಸರಿ. ಮೊಟ್ಟೆಗಳಿಗೆ ಕಾವು ಕೊಡುವ ಕೆಲಸವು ನೆಲದ ಬಿಸುಪಿಗೆ ಸೇರಿದ್ದು. ೧೬೮ ದಿನಗಳಿಂದ ೨೫೪ ದಿನಗಳವರೆಗೆ, ಎಂದರೆ ಐದೂವರೆ ತಿಂಗಳಿನಿಂದ ಎಂಟು ತಿಂಗಳ ಮೇಲಿನವರೆಗೂ ಕಾಲ ಹಿಡಿಯುವುದರಿಂದ, ಮಳೆಗಾಲದಲ್ಲಿ ಇಟ್ಟ ಮೊಟ್ಟೆಗಳು ಮುಂದಿನ ಬೇಸಗೆಯ ಸುಮಾರಿಗೆ ಒಡೆಯುತ್ತವೆ. ಎಲ್ಲವೂ ಒಡೆಯುವುದಿಲ್ಲ. ಒಡೆದ ಮರಿಗಳಿಗೂ ತಾಯಿಯ ಆಸರೆಯಿಲ್ಲ. ಹದ್ದು, ಹಾವು, ನಾಯಿ, ಬೆಕ್ಕು ಎಲ್ಲವೂ ಶತ್ರುಗಳೇ. ವರ್ಷಕ್ಕೊಮ್ಮೆ ಇಪ್ಪತ್ತು ಮೊಟ್ಟೆ ಎಂದರೆ ಬಹಳವಾಗಿ ತೋರಬಹುದು. ಆದರೆ ಬಲಿತ ಒಂದು ಹೆಣ್ಣನ್ನು ಕೊಂದ ನಷ್ಟವು ಒಂದೆರಡು ವರ್ಷಗಳಲ್ಲಿ ತುಂಬುವಂಥದಲ್ಲ. ಅಪಾಯ ತಪ್ಪಿದ ಉಡಕ್ಕೆ ಆಯುಸ್ಸು ದೀರ್ಘವಾದದ್ದು. ಸಾಕಿದ ಸ್ಥಿತಿಯಲ್ಲಿ ಒಂದು ಸುಮಾರು ೨೨ ವರ್ಷ ಬದುಕಿದ್ದುಂಟು.

ಆಹಾರವೂ ರೈತನ ಲಾಭವೂ

ಕೊಮೊಡೊ ದ್ವೀಪದ ಮಹಾ ಉಡವನ್ನು ಅಭ್ಯಾಸಮಾಡಿ ಹೆಸರಾದ ಅಮೆರಿಕದ ವಾಲ್ಟರ್ ಆಫೆನ್‌ಬರ್ಗ್ ಎಂಬ ವಿದ್ವಾಂಸರು ನಮ್ಮ ಉಡದ ವಿಷಯವಾಗಿಯೇ ೧೯೯೪ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಉಡದ ಆಹಾರದ ಬಗ್ಗೆ ಇಂಥ ಶೋಧನೆಗಳಿಂದ ತಿಳಿದುಬಂದ ಮುಖ್ಯ ಸಂಗತಿಯು ಜನಸಾಮಾನ್ಯರ ಎಣಿಕೆಗೆ ವಿರುದ್ಧವಾಗಿದೆ. ಕೋಳಿ ಮತ್ತು ಮೊಟ್ಟೆಗಳೇ ಅದರ ಆಹಾರವೆಂದು ಜನರು ತಿಳಿದಿದ್ದಾರೆ. ಆದರೆ ಅದು ತಿನ್ನುವ ಹುಳುಹುಪ್ಪಟೆಗಳಲ್ಲಿ ಮೊದಲನೆಯ ಸ್ಥಾನವು ದುಂಬಿಗಳಿಗೂ ಅವುಗಳ ಮರಿಹುಳುಗಳಿಗೂ, ಎರಡನೆಯದು ಮಿಡತೆಯ ಜಾತಿಗಳಿಗೂ ಸೇರಿದ್ದು. ಇವಲ್ಲದೆ ಕಂಬಳಿಹುಳು, ಗೆದ್ದಲು, ಇರುವೆ, ಜರಿ, ಚೇಳು, ಬಸವನಹುಳು, ಹಳ್ಳದ ಏಡಿ ಎಲ್ಲವನ್ನೂ ತಿನ್ನುತ್ತದೆ. ಮರಿಗಳು ಬದುಕುವುದಂತೂ ಮುಖ್ಯವಾಗಿ ಹುಳುಗಳ ಮೇಲೆಯೇ. ದೊಡ್ಡದಾದ ಮೇಲೆ ಕಪ್ಪೆ, ಇಲಿ, ಸುಂಡಿಲಿ, ಅಳಿಲು, ಸಣ್ಣ ಹಾವು, ಮೊಲದ ಮರಿ, ಹಕ್ಕಿ ಮತ್ತು ಅವುಗಳ ಮೊಟ್ಟೆ ಇವೂ ಸೇರುತ್ತವೆ. ಸತ್ತ ದನಕುರಿಗಳ ಹೆಣವನ್ನೂ, ಅದರಲ್ಲಿ ಬಿದ್ದ ಹುಳುಗಳನ್ನೂ ತಿಂದು ಊರಾಚೆಯ ಬಯಲನ್ನು ಚೊಕ್ಕಟಮಾಡುತ್ತದೆ.

ಇದರಿಂದ ತೋಟದವನಿಗೆ ಏನು ಲಾಭ ಎಂಬುದನ್ನು ಸ್ವಲ್ಪ ವಿವರಿಸಬೇಕಾಗಿದೆ. ತೆಂಗಿನ ಸುಳಿಯನ್ನು ಕೊರೆಯುವ ಕೊಂಬಿನ ದುಂಬಿ, ಎಂದರೆ ಕುರುವಾಯಿ, ಮಾಡದಕೆರೆಯಂಥ ತೆಂಗಿನ ಸೀಮೆಗಳ ರೈತರಿಗೆ ಹಳೆಯ ಶತ್ರು. ಇದು ಇನ್ನೂ ಬಿಚ್ಚದ ಸುಳಿಯನ್ನು ಕೊರೆಯುವುದರಿಂದ, ಗರಿ ಬಿಚ್ಚಿದಾಗ ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತದೆ. ಎಳೆಯ ಸಸಿಯಾದರೆ ಸತ್ತೇಹೋಗಬಹುದು. ಈ ದುಂಬಿಯು ಹುಟ್ಟುವುದು ಮರದಲ್ಲಲ್ಲ, ತಿಪ್ಪೆಯಲ್ಲಿ. ಒಂದು ಹೆಣ್ಣು ದುಂಬಿಯು ಗೊಬ್ಬರದ ಗುಂಡಿಯಲ್ಲಿಯೂ ಕೊಳೆತ ತೆಂಗಿನ ಮೋಟುಗಳಲ್ಲಿಯೂ ನೂರಕ್ಕೆ ಮೇಲ್ಪಟ್ಟು ಮೊಟ್ಟೆಗಳನ್ನಿಡಬಲ್ಲದು. ಮೊಟ್ಟೆಯಿಂದ ಹೊರಟ ಬೆಳ್ಳನೆಯ ಕೊಬ್ಬಿದ ಹುಳು ಮೂರು ನಾಲ್ಕು ತಿಂಗಳ ಕಾಲ, ಕೆಲವು ವೇಳೆ ಅದಕ್ಕೂ ಹೆಚ್ಚಾಗಿ, ಗೊಬ್ಬರವನ್ನೇ ತಿಂದುಕೊಂಡು ಅಲ್ಲಿಯೇ ಇರುತ್ತದೆ. ಇಂಥ ಕೊಬ್ಬಿದ ಹುಳುವು ಉಡಕ್ಕೆ ಬಹಳ ರುಚಿಯಾದ ಆಹಾರ. ಹಗಲು ಹೊತ್ತಿನಲ್ಲಿ ತಿಪ್ಪೆಯನ್ನು ಕೆದಕುತ್ತಿರುವ ಉಡವನ್ನು ಕಂಡು, ಗೊಬ್ಬರವನ್ನು ಚೆಲ್ಲುತ್ತದೆಂದು ಓಡಿಸುವವನು ಮರುವರ್ಷ ಕೂಲಿಯಾಳನ್ನು ಮರ ಹತ್ತಿಸಿ, ಕಬ್ಬಿಣದ ಕೊಕ್ಕೆಯಿಂದ ಒಂದೊಂದೇ ದುಂಬಿಯನ್ನು ತೆಗೆಸಬೇಕಾಗುತ್ತದೆ.

ಹೊಲದಲ್ಲಿಯೂ ಹೀಗೆಯೇ. ಕಡಲೆಕಾಯಿ, ರಾಗಿ ಮೊದಲಾದ ಪೈರುಗಳ ಬೇರನ್ನು ತಿನ್ನುವ ಗೊಣ್ಣೆಹುಳುವಿನ ದುಂಬಿಗಳು ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನೆಲದಿಂದೆದ್ದು ಬೇವು, ಜಾಲಿ ಮರಗಳಿಗೆ ಹಾರುತ್ತವೆ. ಬೆಳಗಾಗುವ ಮುಂಚೆ ಮತ್ತೆ ಮಣ್ಣು ಸೇರುತ್ತವೆ. ಹಗಲಿನಲ್ಲಿ ಹಕ್ಕಿಗಳಿಗೆ ಕಾಣದಂತೆ ಮಣ್ಣಿನಲ್ಲಿ ಅಡಗಿರುವ ಇಂಥ ದುಂಬಿ ಹುಳುಗಳನ್ನು ವಾಸನೆಯಿಂದ ಗೊತ್ತುಹಚ್ಚಿ ಉಗುರಿನಿಂದ ತೋಡಿ ತೆಗೆಯಬಲ್ಲ ಪ್ರಾಣಿಗಳು ಬಹಳವಿಲ್ಲ. ಬದುಗಳಲ್ಲಿನ ಇಲಿಯ ಬಿಲಗಳನ್ನು ಹೊಕ್ಕು ಮರಿಗಳನ್ನು ತಿನ್ನುವುದು ಮತ್ತೊಂದು ಉಪಕಾರ. ಉಡವೊಂದರಿಂದಲೇ ಹುಳುವಿನ ಕಾಟವೂ ಇಲಿಯ ಕಾಟವೂ ಪೂರ್ತಿಯಾಗಿ ತೀರಿಹೋಗುವುದೆಂದು ಯಾರೂ ಹೇಳಲಾರರು. ತಿಪ್ಪೆಯನ್ನು ಆಗಾಗ ಮಗುಚಿ ಹುಳುಗಳನ್ನು ಆರಿಸುವ ಕೆಲಸವನ್ನು ರೈತನು ಬಿಡಕೂಡದು. ಆದರೆ ಕೂಲಿ ಕೇಳದೆ ವರ್ಷವಿಡೀ ಅದೇ ಕೆಲಸವನ್ನು ಮಾಡುವವನು ಬದುವಿನಲ್ಲಿಯೇ ಇರುವಾಗ ಅವನನ್ನು ಕೊಲ್ಲುವುದು ಎಂಥ ಲೆಕ್ಕಾಚಾರ?

ಉಡದಿಂದ ನಷ್ಟವೇ ಇಲ್ಲವೆಂದಲ್ಲ. ಕೋಳಿಗೂಡಿನ ಬಾಗಿಲು ಸಡಿಲವಾಗಿದ್ದರೆ ಒಳಗೆ ನುಗ್ಗಿ ಮೊಟ್ಟೆಗಳನ್ನೂ ಸಣ್ಣ ಮರಿಗಳನ್ನೂ ನುಂಗುತ್ತದೆ. ಕೋಳಿಯನ್ನು ನಂಬಿದ ಬಡವರಿಗೆ ಇದು ಅಲ್ಪವಾದ ನಷ್ಟವಲ್ಲ. ಇದಕ್ಕೆ ಪರಿಹಾರವು ಕಷ್ಟವಾದದ್ದೂ ಅಲ್ಲ. ಕಾವಿಗೆ ಕೂತ ಕೋಳಿಯನ್ನು ಬೇಲಿಯ ಬುಡದಲ್ಲಿ ಬಿಡದೆ ಗೂಡಿನೊಳಗೆ ಇರಿಸುವುದು, ಗೂಡಿನ ಸುತ್ತ ಸಣ್ಣ ಕಣ್ಣಿನ ತಂತಿಬಲೆಯನ್ನು ಹೊಡೆದು ಅದರ ಅಂಚನ್ನು ಒಂದು ಅಡಿ ನೆಲದೊಳಗೆ ಹೂಳುವುದು, ತೋಡಿ ಬರಲಾಗದಂತೆ ಬುಡಕ್ಕೆ ಕಲ್ಲು ಚಪ್ಪಡಿ ಹಾಕುವುದು, ಇಷ್ಟು ಮಾಡಿದರೆ ಸಾಕು. ಇದರಿಂದ ಉಡವೂ ಮುಂಗುಸಿಯೂ ಕಾಡುಬೆಕ್ಕೂ ಹೊರಗೆ ಉಳಿಯುತ್ತವೆ.

ಕೆರೆಯ ಏರಿಯ ವಿಷಯದಲ್ಲಿಯೂ ಗ್ರಾಮಸ್ಥರಿಗೆ ಸಂದೇಹವಿರುವುದು ಸಹಜ. ಉಡವು ತಾನೇ ಬಿಲವನ್ನು ತೋಡುವುದುಂಟು. ಹೆಗ್ಗಣ, ಏಡಿ ಮುಂತಾದವು ತೋಡಿದ್ದನ್ನು ಅಗಲಮಾಡಿಕೊಳ್ಳುವುದೂ ಉಂಟು. ಮಣ್ಣಿನ ಏರಿಯಲ್ಲಿ ಯಾವ ಬಿಲವೂ ಇರಕೂಡದು. ನೀರು ಇಳಿದಿರುವ ಬೇಸಗೆಯ ಕೊನೆಯಲ್ಲಿ, ನಡುಹಗಲು ಉಡವು ಹೊರಗೆ ಹೋಗಿರುವಾಗ ಬಿಲವನ್ನು ಗಟ್ಟಿಮಣ್ಣು ತುಂಬಿ ದಿಮ್ಮಿಸಿ ಮುಚ್ಚಬಹುದು. ಆ ಹೊತ್ತಿಗೆ ಹಿಂದಿನ ಮಳೆಗಾಲದ ಮೊಟ್ಟೆಗಳು ಬಹುಮಟ್ಟಿಗೆ ಒಡೆದು ಮರಿಗಳು ಚದರಿರುತ್ತವೆ. ಒಳಗೆ ಪ್ರಾಣಿಯಿರುವಾಗ ಹೊಗೆ ಹಾಕುವುದೂ ಗುದ್ದಲಿಯಿಂದ ಅಗೆಯುವುದೂ ಏರಿಗೂ ಕೇಡು, ಪ್ರಾಣಿಗೂ ಕೇಡು.

ಕೊಲ್ಲುವುದರ ವಿಷಯ

ಉಡದ ಮಾಂಸದಿಂದ ಶಕ್ತಿ ಬರುವುದೆಂದೂ, ಅದರ ಎಣ್ಣೆಯನ್ನು ತಿಕ್ಕಿದರೆ ಕೀಲುನೋವು ವಾಸಿಯಾಗುವುದೆಂದೂ ಸಂತೆಗಳಲ್ಲಿ ಹೇಳಿ ಮಾರುವವರಿದ್ದಾರೆ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಸಿದ್ಧಪಟ್ಟ ಪ್ರಮಾಣ ಯಾವುದೂ ಇಲ್ಲ. ಇದಕ್ಕಿಂತ ದೊಡ್ಡ ಮೋಸವೊಂದು ೨೦೧೭ರಲ್ಲಿ ಬಯಲಿಗೆ ಬಂತು. ಹತ್ತಾ ಜೋಡಿ ಎಂಬ ಹೆಸರಿನಿಂದ, ಕೈಮುಗಿದಂತಿರುವ ಅಪೂರ್ವವಾದ ಬೇರು, ಮನೆಯಲ್ಲಿಟ್ಟು ಪೂಜಿಸಿದರೆ ಐಶ್ವರ್ಯ ಬರುವುದೆಂದು ಹೇಳಿ ದೇಶದಲ್ಲೆಲ್ಲ ಮಾರುತ್ತಿದ್ದ ವಸ್ತುವು ಬೇರಲ್ಲ. ಗಂಡು ಉಡವನ್ನು ಹಿಂಸಿಸಿ ಕತ್ತರಿಸಿ ತೆಗೆದು ಒಣಗಿಸಿದ ಜನನೇಂದ್ರಿಯ. ಲಕ್ಷ್ಮಿಯ ಪ್ರಸಾದವೆಂದು ಅದಕ್ಕೆ ಕುಂಕುಮವಿಟ್ಟು ಪೂಜಿಸಿದ ಗೃಹಸ್ಥರಿಗೆ ಇದು ತಿಳಿದಿರಲಿಲ್ಲ. ಇಂಥ ವಸ್ತುವನ್ನು ಮಾರುವವರು ಹಳ್ಳಿಗೆ ಬಂದರೆ ಜನರು ಮೋಸಹೋಗದಂತೆ ಮುಖಂಡರು ನೋಡಿಕೊಳ್ಳಬೇಕು. ಉಡವು ಮನೆ ಹೊಕ್ಕರೆ ಕೇಡಾಗುವುದೆಂಬ ನಂಬಿಕೆಯೂ ಕೆಲವೆಡೆ ಇದೆ. ಇಲಿಯ ವಾಸನೆಯನ್ನು ಹಿಡಿದೋ ನಾಯಿಗೆ ಹೆದರಿಯೋ ಅದು ಒಳಗೆ ಬಂದಿರುತ್ತದೆ. ಶಕುನಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಿಂದೆ ಉಡದ ಚರ್ಮಕ್ಕೆ ದೊಡ್ಡ ವ್ಯಾಪಾರವಿತ್ತು. ಪಾದರಕ್ಷೆ, ಕೈಚೀಲಗಳಿಗಾಗಿ ಹೊರದೇಶಗಳಿಗೆ ಹೋಗುತ್ತಿತ್ತು. ನಮ್ಮ ಸಂಗೀತದ ಖಂಜಿರಕ್ಕೂ ಇದೇ ಚರ್ಮವನ್ನು ಬಿಗಿಯುತ್ತಿದ್ದರು. ಈಚೆಗೆ ಖಂಜಿರಕ್ಕೆ ಮೇಕೆಯ ಚರ್ಮ ಮುಂತಾದುವನ್ನು ಹಾಕುವ ರೂಢಿ ಬಂದಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಉಡವು ಮೊದಲನೆಯ ಅನುಸೂಚಿಗೆ, ಎಂದರೆ ಹುಲಿ ಆನೆಗಳಿರುವ ಪಟ್ಟಿಗೇ ಸೇರಿದೆ. ಇದನ್ನು ಕೊಲ್ಲುವುದು, ಹಿಡಿಯುವುದು, ಮಾಂಸ ಚರ್ಮಗಳನ್ನು ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಅಪರಾಧ. ೨೦೨೨ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂಥ ಪ್ರಾಣಿಗಳನ್ನು ಬೇಟೆಯಾಡಿದವರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದವರೆಗೆ ಸೆರೆವಾಸವೂ, ೨೫,೦೦೦ ರೂಪಾಯಿಗೆ ಕಡಿಮೆಯಿಲ್ಲದ ದಂಡವೂ ಗೊತ್ತಾಗಿದೆ. ಒಂದು ಹೊತ್ತಿನ ಸಾರಿಗಾಗಿ ಮನೆಯ ಯಜಮಾನನು ಜೈಲು ಸೇರಿ, ಉಳುವವರಿಲ್ಲದೆ ಹೊಲ ಬೀಳುಬೀಳುವ ಸ್ಥಿತಿ ಯಾವ ಕುಟುಂಬಕ್ಕೂ ಬರಬಾರದು. ತಿಳಿಯದೆ ಮಾಡಿದೆನೆಂಬ ಮಾತಿಗೆ ನ್ಯಾಯಸ್ಥಾನದಲ್ಲಿ ಬೆಲೆಯಿಲ್ಲದಿರುವುದರಿಂದ, ಬೇಟೆಯ ರೂಢಿಯಿರುವ ಮನೆಗಳಿಗೆ ಮುಖಂಡರು ತಾವೇ ಹೋಗಿ, ವಿಶೇಷವಾಗಿ ಹುಡುಗರಿಗೆ, ಈ ಶಿಕ್ಷೆಯ ವಿಚಾರವನ್ನು ತಿಳಿಸಿಹೇಳುವುದು ಒಳ್ಳೆಯದು.

ಉಡವು ಮನೆಗೆ ಅಥವಾ ದನದ ಕೊಟ್ಟಿಗೆಗೆ ಬಂದಾಗ ಗುಂಪುಕೂಡಿ ಕೂಗಬಾರದು. ನಾಯಿಗಳನ್ನು ಕಟ್ಟಿ, ಮಕ್ಕಳನ್ನು ದೂರ ನಿಲ್ಲಿಸಿ, ಹೊರಗಿನ ಬಾಗಿಲನ್ನು ತೆರೆದಿಟ್ಟು, ಒಳಮನೆಯ ಬಾಗಿಲನ್ನು ಹಾಕಿಕೊಂಡರೆ ಅದು ತಾನಾಗಿಯೇ ಹೊರಟುಹೋಗುತ್ತದೆ. ಹೋಗದೆ ಮೂಲೆ ಹಿಡಿದರೆ ಕೈಹಾಕದೆ ಹೊಸದುರ್ಗದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸತಕ್ಕದ್ದು. ಗಾಯವಾದ ಉಡ ಸಿಕ್ಕಿದಾಗಲೂ, ಅಗೆಯುವಾಗ ಮೊಟ್ಟೆಗಳು ಕಂಡಾಗಲೂ ಹೀಗೆಯೇ ಮಾಡಬೇಕು. ಕಂಡ ಮೊಟ್ಟೆಗಳನ್ನು ಹೊರಳಿಸದೆ, ಇದ್ದ ಹಾಗೆಯೇ ಅದೇ ಮಣ್ಣಿನಿಂದ ಮುಚ್ಚಿ, ಗುರುತಿಗೆ ಒಂದು ಗೂಟ ನೆಡುವುದು ಮೇಲು.

ಬಾವಿಗಳ ವಿಷಯವೊಂದು ಉಳಿದಿದೆ. ಬೇಸಗೆಯಲ್ಲಿ ನೀರಿಗಾಗಿ ಅಲೆಯುವ ಉಡಗಳು ಕಟ್ಟೆಯಿಲ್ಲದ ಬಾವಿಗಳಿಗೂ ಗೊಬ್ಬರದ ನೀರಿನ ತೊಟ್ಟಿಗಳಿಗೂ ಬೀಳುವುದುಂಟು. ಒರಟು ಕಲ್ಲು ಕಟ್ಟಿದ ಹಳೆಯ ಬಾವಿಯಾದರೆ ಸಂದುಗಳಲ್ಲಿ ಉಗುರೂರಿ ಹತ್ತಿಬರುತ್ತದೆ. ನುಣುಪಾದ ಸಿಮೆಂಟಿನ ಬಳೆ ಇಳಿಸಿದ ಬಾವಿಯಲ್ಲಿ ಹತ್ತಲಾರದೆ ಸತ್ತು, ಕುಡಿಯುವ ನೀರೂ ಕೆಡುತ್ತದೆ. ಒಂದು ಅಡಕೆಯ ದಬ್ಬೆಯನ್ನೋ ಒರಟು ತೊಗಟೆಯುಳ್ಳ ಉದ್ದನೆಯ ಕೊಂಬೆಯನ್ನೋ ನೀರಿನಿಂದ ದಡದವರೆಗೆ ಓರೆಯಾಗಿ ಇಳಿಬಿಟ್ಟು ಮೇಲಿನ ತುದಿಯನ್ನು ಕಲ್ಲಿಗೆ ಕಟ್ಟಿದರೆ, ಬಿದ್ದ ಉಡವು ಅದನ್ನು ಹಿಡಿದು ಮೇಲೆ ಬರುತ್ತದೆ. ದಬ್ಬೆಯು ನುಣುಪಾಗಿದ್ದರೆ ಅದರ ಉದ್ದಕ್ಕೂ ಗೇಣಿಗೊಂದು ಸುತ್ತಿನಂತೆ ತೆಂಗಿನ ನಾರಿನ ಹಗ್ಗವನ್ನು ಬಿಗಿಯತಕ್ಕದ್ದು.